ಶನಿವಾರ ಮೂರು ಗಂಟೆಗೆ ಕ್ಲಾಗನ್ ಪಾರ್ಕ್

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಕೆಲಸಕ್ಕೆಂದು ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂಗೆ ಬರುತ್ತಿದ್ದೀರಿ. ಕನ್ನಡದವರು ಯಾರಾದರೂ ಇದ್ದಾರಾ, ಇಲ್ಲದಿದ್ದರೆ ರಜೆಯ ದಿನ ಏನು ಮಾಡೋದು, ಇದು ನಿಮ್ಮ ಪ್ರಶ್ನೆ. ನನ್ನನ್ನು ಬಿಟ್ಟರೆ, ನನಗೆ ಗೊತ್ತಿರುವ ಹತ್ತಿರದ ಕನ್ನಡದ ಮನೆ ಇನ್ವರ್ನೆಸ್‌ನಲ್ಲಿದೆ, ನೂರು ಕಿಲೋಮೀಟರ್ ಮೇಲಾಗುತ್ತದೆ. ಹಾಗಾಗಿ ಆ ಆಸೆ ಬಿಡಿ. ಶನಿವಾರ ಮಧ್ಯಾಹ್ನ ಫುಟ್‌ಬಾಲ್ ನೋಡಲು ಹೋಗಿ.

ನಗಬೇಡಿ. ನಾನು ತೀರ್ಥಹಳ್ಳಿಯವಳು. ಇಲ್ಲಿಗೆ ಬರುವವರೆಗೆ ಒಂದು ಮ್ಯಾಚನ್ನೂ ಪೂರ್ತಿ ನೋಡಿದವಳಲ್ಲ. ಬಂದ ಮೇಲೂ ಎರಡು ವರ್ಷ ಬರೀ ಮನೆ, ಕೆಲಸ, ಮತ್ತೆ ಮನೆ. ಕೊನೆಗೆ ಪಕ್ಕದ ಮನೆಯ ಅಜ್ಜ, ಸುಮ್ನೆ ಕೂತು ಏನು ಮಾಡ್ತೀಯಾ, ಬಾ ಅಂತ ಊರಿನ ಫುಟ್‌ಬಾಲ್ ಮೈದಾನ ಕ್ಲಾಗನ್ ಪಾರ್ಕಿಗೆ ಕರೆದುಕೊಂಡು ಹೋದರು. ಅದು 2018ರ ಆಗಸ್ಟ್.

ಎಂಥ ವರ್ಷ ನೋಡಿ ಶುರು ಮಾಡಿದ್ದು! ನಮ್ಮ ತಂಡ, ಅಂದರೆ ಫೋರ್ಟ್ ವಿಲಿಯಂ ಎಫ್‌ಸಿ, ಆಗ ಹೈಲ್ಯಾಂಡ್ ಲೀಗ್‌ನಲ್ಲಿತ್ತು. 1893ರಲ್ಲಿ ಹುಟ್ಟಿದ ಲೀಗ್ ಅದು. ಸೆಲ್ಟಿಕ್, ರೇಂಜರ್ಸ್‌ನಂಥ ದೊಡ್ಡ ತಂಡಗಳು ಆಡುವ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಿಂದ ಎಣಿಸಿದರೆ ಐದನೆಯದು. ಆಟಗಾರರು ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಬೂಟು ಕಟ್ಟುವವರು. ಆ ಸೀಸನ್ನಿನಲ್ಲಿ ನಮ್ಮವರು 34 ಆಟ ಆಡಿದರು. ಗೆದ್ದದ್ದು ಒಂದೂ ಇಲ್ಲ, ಡ್ರಾ ಎರಡು. ಹೊಡೆದ ಗೋಲು 21, ಹೊಡೆಸಿಕೊಂಡದ್ದು 245. ಅಂದರೆ ಒಂದು ಆಟಕ್ಕೆ ಏಳಕ್ಕಿಂತ ಜಾಸ್ತಿ. ಸಾಲದ್ದಕ್ಕೆ, ಆಡುವ ಅರ್ಹತೆ ಇಲ್ಲದವನನ್ನು ಆಡಿಸಿದ್ದಕ್ಕೆ 9 ಅಂಕ ಕಡಿತ. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಮೈನಸ್ 7.

ಯಾಕೆ ಹೀಗೆ ಅಂತ ಅಜ್ಜನನ್ನು ಕೇಳಿದ್ದೆ. ಈ ಊರಿನ ಹುಡುಗರ ಕೈಗೆ ಮೊದಲು ಸಿಗುವುದು ಶಿಂಟಿ ಕೋಲು ಅಂದರು. ಶಿಂಟಿ ಹಾಕಿಯ ದೊಡ್ಡಪ್ಪನ ಮಗ ಇದ್ದ ಹಾಗೆ, ಸ್ವಲ್ಪ ಒರಟ. ಇನ್ನೊಂದು ಕಾರಣ ದೂರ. ಉತ್ತರದ ತುದಿಯ ವಿಕ್ ಊರಿನಲ್ಲಿ ಆಟ ಇದ್ದರೆ ಇನ್ವರ್ನೆಸ್ ದಾಟಿ ಮತ್ತೆ 160 ಕಿಲೋಮೀಟರ್ ಹೋಗಬೇಕು. ಇಡೀ ಶನಿವಾರ ಬಸ್ಸಿನಲ್ಲಿ ಕೂತು, ಎಂಟು ಗೋಲು ತಿಂದು ಬರಲು ಯಾರು ತಯಾರಿರುತ್ತಾರೆ ಹೇಳಿ?

ಮಳೆಯ ಬಗ್ಗೆ ನನಗೆ ಹೇಳಬೇಡಿ ಅಂತ ಜಂಬ ಇತ್ತು ನನಗೆ. ಮಲೆನಾಡಿನ ಮಳೆ ಮೇಲಿನಿಂದ ಬೀಳುತ್ತದೆ. ಇಲ್ಲಿನದು ಪಕ್ಕದಿಂದ ಬರುತ್ತದೆ. ಛತ್ರಿ ತಂದರೆ ಛತ್ರಿಯೂ ಹೋಯಿತು, ಮಾನವೂ ಹೋಯಿತು. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಮೋಡ ಸರಿದರೆ ಬೆನ್ ನೆವಿಸ್ ಬೆಟ್ಟ ಹತ್ತಿರದಲ್ಲೇ ಕಾಣುತ್ತದೆ. ಸರಿಯುವುದೇ ಅಪರೂಪ.

ಅಂಥದ್ದೇ ಒಂದು ಸಂಜೆ, ಎದುರಾಳಿಯ ಗೋಲುಗಳ ಲೆಕ್ಕ ತಪ್ಪಿದ ಮೇಲೆ, ನಮ್ಮವನೊಬ್ಬ ಹೊಡೆದ ಚೆಂಡು ಯಾರದೋ ಮೊಣಕಾಲಿಗೆ ತಾಗಿ ಬಲೆಯೊಳಗೆ ಉರುಳಿತು. ಅಜ್ಜ ಹಾರಿದರು. ಕೈಲಿದ್ದ ಬಿಸಿ ಬಾವ್ರಿಲ್ ಪೂರ್ತಿ ನನ್ನ ತೋಳಿನ ಮೇಲೆ. ಸುತ್ತ ನಿಂತವರೆಲ್ಲ ಕರವಸ್ತ್ರ ಹಿಡಿದು ಬಂದರು. ಆ ದಿನದಿಂದ ಅಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ ನನ್ನ ಹೆಸರು ಹಿಡಿದು ಮಾತಾಡಿಸುತ್ತಾರೆ.

ಬಾವ್ರಿಲ್ ಅಂದೆ, ಅಲ್ವಾ? ನೀವು ಸಸ್ಯಾಹಾರಿ ಅಂತ ಬರೆದಿದ್ದೀರಿ, ಅದಕ್ಕೇ ಎಚ್ಚರಿಸುತ್ತೇನೆ. ಚಳಿಯಲ್ಲಿ ಯಾರೋ ಲೋಟ ಕೈಗಿಡುತ್ತಾರೆ, ಕಪ್ಪಗೆ ಸಾರಿನ ಹಾಗೆ ಹಬೆಯಾಡುತ್ತಿರುತ್ತದೆ. ಅದು ದನದ ಮಾಂಸದ ರಸ. ನಾನು ಅರ್ಧ ಲೋಟ ಕುಡಿದು, ಮೆಣಸು ಸಾಲದು ಅಂದ ಮೇಲೆ ಗೊತ್ತಾಯಿತು. ಮ್ಯಾಕರೋನಿ ಪೈ ಇದ್ದರೆ ಕೇಳಿ, ಅದರ ಒಳಗಿರುವುದು ಪಾಸ್ತಾ, ಚೀಸು.

2019ರ ಜುಲೈ ಕೊನೆಯಲ್ಲಿ ರಜೆಗೆ ಊರಿಗೆ ಹೋಗಿದ್ದೆ. ರಾತ್ರಿ ಎರಡು ಗಂಟೆ ದಾಟಿತ್ತು, ಫೋನ್ ಬಂತು. ವಿದೇಶದ ನಂಬರು ನೋಡಿ ಅಮ್ಮ ಯಾರೋ ಹೋದರು ಅಂತ ಅಳಲು ಶುರು ಮಾಡಿದರು. ಅಜ್ಜ! ಕಪ್ ಪಂದ್ಯದಲ್ಲಿ ನೇರ್ನ್ ಕೌಂಟಿಯನ್ನು 5-2ರಿಂದ ಸೋಲಿಸಿದ್ದೇವೆ ಅಂತ ಕಿರುಚುತ್ತಿದ್ದರು. ಎರಡು ವರ್ಷದ ಮೇಲಾದ ನಂತರದ ಮೊದಲ ಗೆಲುವು. ಇಡೀ ಸೀಸನ್ ಮಳೆಯಲ್ಲಿ ನಿಂತವಳು ನಾನು, ಗೆದ್ದ ದಿನ ತೀರ್ಥಹಳ್ಳಿಯಲ್ಲಿ ಚಾಪೆ ಮೇಲೆ. ಈಗಲೂ ಹೊಟ್ಟೆ ಉರಿಯುತ್ತದೆ.

2022ರಲ್ಲಿ ತಂಡ ಒಂದು ಮೆಟ್ಟಿಲು ಜಾರಿ ನಾರ್ತ್ ಕ್ಯಾಲೆಡೋನಿಯನ್ ಲೀಗ್‌ಗೆ ಬಂತು. ಆಟದ ಜಾಗ ಬದಲಾಗಿಲ್ಲ. ದಪ್ಪ ಸಾಕ್ಸ್ ಎರಡು ಜೊತೆ ತನ್ನಿ, ಚಿಲ್ಲರೆ ಇಟ್ಟುಕೊಂಡಿರಿ. ಪಾಪ ಸೋತರಲ್ಲ ಅಂತ ಮಾತ್ರ ಯಾರಿಗೂ ಹೇಳಬೇಡಿ, ಅದು ಅವರಿಗೆ ಸೇರುವುದಿಲ್ಲ. ಅಜ್ಜ ಗೇಟಿನಿಂದ ಸ್ವಲ್ಪ ಮುಂದೆ ಕಂಬಿಗೆ ಒರಗಿ ನಿಂತಿರುತ್ತಾರೆ. ಅವರ ಎಡಗಡೆ ನನ್ನ ಜಾಗ, ಬಲಗಡೆ ನೀವು ನಿಲ್ಲಬಹುದು. ಬಾವ್ರಿಲ್ ಲೋಟ ಬಲಗೈಯಲ್ಲಿರುತ್ತದೆ, ನೋಡಿಕೊಳ್ಳಿ.