ತಾಯಿ ಕಾರ್ಡಿನ ವಿಳಾಸವನ್ನೇ ನಂಬಬೇಡಿ

ಕಲಬುರಗಿ ಬಿಸಿಲಿಗೂ ಹುಟ್ಟುವ ಮಗುವಿನ ತೂಕಕ್ಕೂ ಇರುವ ನಂಟು ಹುಡುಕಲು ತಾಯಿ ಕಾರ್ಡ್ (ಬಸುರಿಯ ಆರೋಗ್ಯದ ವಿವರ ಬರೆಯುವ ಸರ್ಕಾರಿ ಕಾರ್ಡ್), ಹವಾಮಾನ ಇಲಾಖೆಯ ಅಂಕಿಅಂಶ ಸಾಕಾ ಅಂತ ಕೇಳಿದ್ದೀರಿ. ಶುರು ಮಾಡಲು ಸಾಕು.

ಆದರೆ ಕಾರ್ಡಿನಲ್ಲಿ ಗಂಡನ ಮನೆಯ ವಿಳಾಸ ಇರಬಹುದು. ಚೊಚ್ಚಲ ಬಸುರಿ ಏಳೆಂಟು ತಿಂಗಳಿಗೆ ತವರಿಗೆ ಹೋಗಿರುತ್ತಾಳೆ. ಮಗುವಿನ ತೂಕ ಜಾಸ್ತಿ ಏರುವುದೇ ಆಗ! ನೀವು ಇಲ್ಲಿ ಕಲಬುರಗಿ ಜಿಲ್ಲೆಯ ಸೇಡಂ ಬಿಸಿಲು ಲೆಕ್ಕ ಹಾಕುತ್ತಿದ್ದರೆ ಆಕೆ ಬೆಳಗಾವಿಯಲ್ಲಿ ತಣ್ಣಗಿರಬಹುದು. ಕೂಲಿಗೆ ಬೆಂಗಳೂರು, ಮುಂಬೈ ಸೇರಿದವರದ್ದೂ ಇದೇ ಕಥೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ಯಾರು ಯಾವ ತಿಂಗಳು ಎಲ್ಲಿದ್ದರು ಅಂತ ಅವರಿಗೆ ಗೊತ್ತಿರುತ್ತೆ.

ಹೆರಿಗೆ ರಿಜಿಸ್ಟರಿನ ತೂಕದ ಕಾಲಂ ಮೇಲೆ ಬೆರಳಾಡಿಸಿ ನೋಡಿ. 2.5, 2.5, 3, 2.5 ಕೆ.ಜಿ... ಅಂದಾಜಿಗೆ ಸರಿಮಾಡಿ ಬರೆದದ್ದು. ಕಡಿಮೆ ತೂಕ ಅನ್ನುವುದು 2,500 ಗ್ರಾಂಗಿಂತ ಕೆಳಗೆ, ಅಂದರೆ ಗೆರೆ ಎಳೆಯುವ 2.5ರ ಮೇಲೇ ಅಂಕಿಗಳ ರಾಶಿ. ಸುಮ್ನೆ 'ಕಡಿಮೆ / ಸರಿ' ಅಂತ ಎರಡು ಭಾಗ ಮಾಡಬೇಡಿ, ಗ್ರಾಂ ಲೆಕ್ಕದಲ್ಲೂ ನೋಡಿ.

ಹವಾಮಾನ ಇಲಾಖೆಯ ಚೌಕಗಳಾಗಿ ಸಿಗುವ ತಾಪಮಾನದಲ್ಲಿ ಒಂದು ಚೌಕದ ಅಗಲ ಅಂದರೆ ಅಕ್ಷಾಂಶ-ರೇಖಾಂಶದ 1 ಡಿಗ್ರಿ, ಸುಮಾರು 110 ಕಿ.ಮೀ. ಇಡೀ ತಾಲ್ಲೂಕಿಗೆ ಒಂದೇ ಬಿಸಿಲು! ಇಆರ್‌ಎ5-ಲ್ಯಾಂಡ್ ಎಂಬ ಯುರೋಪಿನ ಹವಾಮಾನ ದತ್ತಾಂಶ ಸುಮಾರು 9 ಕಿ.ಮೀ.ಗೆ ಒಂದು ಅಂಕಿ ಕೊಡುತ್ತೆ, ಉಚಿತ. ಆದರೂ ತಗಡಿನ ಮನೆಯೊಳಗಿನ ಸೆಕೆ ಅದರಲ್ಲಿ ಕಾಣಲ್ಲ. ಹತ್ತು ಮನೆಯಲ್ಲಿ ಥರ್ಮಾಮೀಟರ್ ತೂಗುಹಾಕಿ, ರಾತ್ರಿ ಹತ್ತಕ್ಕೆ ಬರೆದುಕೊಳ್ಳಿ.

ಇನ್ನೊಂದು, ಮೇ ತಿಂಗಳನ್ನು ಡಿಸೆಂಬರ್ ಜೊತೆ ಹೋಲಿಸಬೇಡಿ. ಊಟ, ಕೂಲಿ, ನೀರು ಎಲ್ಲವೂ ಬೇರೆ ಅಲ್ವಾ? ಒಂದು ವರ್ಷದ ಮೇ ಜೊತೆ ಇನ್ನೊಂದು ವರ್ಷದ ಮೇ ಇಡಿ.