ಗೇಮ್ ಪ್ರಶ್ನೋತ್ತರ: ಕಷ್ಟ ಎಲ್ಲಿದೆ, ತಪ್ಪು ಎಲ್ಲಿದೆ?

ಪ್ರಶ್ನೆ: 2025ರ ಸೆಪ್ಟೆಂಬರ್‌ನಲ್ಲಿ ಬಂದ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಹಿಂದಿನ ‘ಹಾಲೋ ನೈಟ್’ಗಿಂತ ವಿಪರೀತ ಕಷ್ಟ ಎಂದು ಹಲವರು ದೂರುತ್ತಾರೆ. ಅದೆಲ್ಲ ಆಡಲು ಬಾರದವರ ನೆಪ ಎನ್ನುವವರೂ ಇದ್ದಾರೆ. ಯಾರ ಮಾತು ಸರಿ?

ಉತ್ತರ: ದೂರುವವರ ಮಾತಿನಲ್ಲಿ ಹುರುಳಿದೆ, ಆದರೆ ಕಷ್ಟದ ಮೂಲ ಬಾಸ್‌ಗಳ (ಹಂತ ಕಾಯುವ ದೊಡ್ಡ ಶತ್ರುಗಳ) ವೇಗದಲ್ಲಿಲ್ಲ, ಜೀವದ ಲೆಕ್ಕದಲ್ಲಿದೆ. ಹಿಂದಿನ ಆಟದಲ್ಲಿ ಶತ್ರುವಿಗೆ ಮೂರು ಏಟು ಹಾಕಿದರೆ ಒಂದು ಮಾಸ್ಕ್ (ಜೀವದ ಒಂದು ಅಳತೆ) ವಾಸಿ ಮಾಡಿಕೊಳ್ಳುವಷ್ಟು ‘ಸೋಲ್’ ಎಂಬ ಶಕ್ತಿ ಸಿಗುತ್ತಿತ್ತು. ಸಿಲ್ಕ್‌ಸಾಂಗ್‌ನ ಆರಂಭದಲ್ಲಿ ಒಂಬತ್ತು ಏಟು ಹಾಕಿದರೆ ‘ಸಿಲ್ಕ್’ ಎಂಬ ಶಕ್ತಿ ತುಂಬುತ್ತದೆ, ಒಂದು ಬೈಂಡ್‌ಗೆ, ಅಂದರೆ ಒಮ್ಮೆ ವಾಸಿ ಮಾಡಿಕೊಂಡರೆ, ಮೂರು ಮಾಸ್ಕ್ ಮರಳುತ್ತವೆ. ಭಾಗಿಸಿ ನೋಡಿದರೆ ಎರಡೂ ಒಂದೇ. ಅಲ್ಲಿ ಚಿಲ್ಲರೆಯಾಗಿ ಸಿಗುತ್ತಿದ್ದದ್ದು ಇಲ್ಲಿ ಇಡಿಗಂಟಾಗಿ ಸಿಗುತ್ತದೆ, ಅಷ್ಟೆ. ಆದರೆ ಆ ‘ಅಷ್ಟೆ’ಯಲ್ಲೇ ಎಲ್ಲವೂ ಇದೆ. ಎಂಟನೆಯ ಏಟಿನವರೆಗೂ ಕೈ ಬರಿದು. ಬೈಂಡ್ ಮಾಡುತ್ತಿರುವಾಗ ಏಟು ಬಿದ್ದರೆ ಕೂಡಿಟ್ಟ ಸಿಲ್ಕ್ ಅಷ್ಟೂ ನೀರುಪಾಲು.

ಇದರ ಮೇಲೆ ಎರಡು ಮಾಸ್ಕ್ ಕಸಿಯುವ ಏಟುಗಳು. ಶುರುವಿನಲ್ಲಿ ಇರುವುದು ಐದು ಮಾಸ್ಕ್. ಎರಡರಂತೆ ಹೋದರೆ ಮೂರನೆಯ ಏಟಿಗೆ ಸಾವು. ಮಾಸ್ಕ್‌ನ ನಾಲ್ಕು ಚೂರು ಹುಡುಕಿ ಆರನೆಯ ಮಾಸ್ಕ್ ಗಳಿಸಿದಿರಿ ಎನ್ನಿ, ಆಗಲೂ ಮೂರನೆಯ ಏಟಿಗೇ ಸಾವು! ಗಂಟೆಗಟ್ಟಲೆ ಅಲೆದು ತಂದ ಬಹುಮಾನ ಬಾಸ್ ಎದುರು ಒಂದು ಏಟಿನಷ್ಟೂ ಉಳಿಸುವುದಿಲ್ಲ. ಇದು ಆಟಗಾರರ ಕೈಚಳಕದ ಕೊರತೆಯಲ್ಲ, ವಿನ್ಯಾಸದ ಲೋಪ. ಬಿಡುಗಡೆಯ ನಂತರದ ಮೊದಲ ಪ್ಯಾಚ್‌ನಲ್ಲೇ (ತಿದ್ದುಪಡಿಯಲ್ಲೇ) ಮೂರ್‌ವಿಂಗ್ ಮತ್ತು ಸಿಸ್ಟರ್ ಸ್ಪ್ಲಿಂಟರ್ ಎಂಬ ಆರಂಭಿಕ ಬಾಸ್‌ಗಳನ್ನು ತುಸು ಸಡಿಲಿಸಿದರು. ಆದರೂ ಮೂಲ ಲೆಕ್ಕ ಹಾಗೆಯೇ ಇದೆ.

ಬಲದ ಕಡೆ ಬಂದರೆ, ಇಷ್ಟು ಚುರುಕಾಗಿ ಕೈಗೆ ಸಿಗುವ ಪಾತ್ರ ಇತ್ತೀಚೆಗೆ ಬೇರೆ ಬಂದಿಲ್ಲ. ಗಾಳಿಯಲ್ಲಿದ್ದಾಗಲೂ ಬೈಂಡ್ ಮಾಡಬಹುದು. ನೆಲದ ಮೇಲೆ ನಿಂತು ವಾಸಿ ಮಾಡಿಕೊಳ್ಳುವ ಹಳೆಯ ಅಭ್ಯಾಸ ಬಿಟ್ಟರೆ ಅರ್ಧ ಕಷ್ಟ ಕರಗುತ್ತದೆ. ಹೊಡೆತದ ಶೈಲಿ ನಿರ್ಧರಿಸುವ ಕ್ರೆಸ್ಟ್‌ಗಳಲ್ಲಿ ಮೊದಲನೆಯದರಲ್ಲಿ ಕೆಳಮುಖದ ಏಟು ಓರೆಯಾಗಿ ಬೀಳುತ್ತದೆ. ಅದು ಒಗ್ಗದಿದ್ದರೆ ವಾಂಡರರ್ ಕ್ರೆಸ್ಟ್ ಹುಡುಕಿಕೊಳ್ಳಿ, ಅದರಲ್ಲಿ ಏಟು ನೇರ ಕೆಳಗೆ ಬೀಳುತ್ತದೆ. ಕ್ರೆಸ್ಟ್ ಬದಲಾವಣೆ ವಿಶ್ರಾಂತಿಯ ಬೆಂಚ್‌ನಲ್ಲಿ ಮಾತ್ರ. ಸತ್ತರೆ ಬಿಡಿ ರೋಸರಿಗಳೆಲ್ಲ (ಆಟದಲ್ಲಿ ದುಡ್ಡಾಗಿ ಬಳಸುವ ಮಣಿಗಳು) ಸತ್ತ ಜಾಗದಲ್ಲೇ ಉಳಿಯುತ್ತವೆ, ಅಲ್ಲಿಗೆ ಮರಳುವ ಮುನ್ನ ಮತ್ತೆ ಸತ್ತರೆ ಪೂರ್ತಿ ಹೋದವು. ಸ್ವಲ್ಪ ನಷ್ಟವಾದರೂ ಸರಿ, ಮೊದಲೇ ಅವನ್ನು ಸರವಾಗಿ ಪೋಣಿಸಿಟ್ಟುಕೊಳ್ಳಿ. ಪೋಣಿಸಿದ ಸರ ಸತ್ತರೂ ಕೈಬಿಡುವುದಿಲ್ಲ.

ಲಾಸ್ಟ್ ಜಡ್ಜ್ ಬಾಸ್‌ನವರೆಗಿನ ದೂರದ ಓಟವನ್ನು ಮಾತ್ರ ಸಮರ್ಥಿಸಲಾಗದು. ಸೋತದ್ದು ಬಾಸ್‌ಗೆ, ಮತ್ತೆ ಮತ್ತೆ ಪರೀಕ್ಷೆ ಕೊಡಬೇಕಾಗಿರುವುದು ದಾರಿಗೆ.

ಪ್ರಶ್ನೆ: ಹೊಸ ಗೇಮ್‌ಗಳು ಪಿಸಿಯಲ್ಲಿ ಸೆಕೆಂಡಿಗೆ 80–90 ಫ್ರೇಮ್ ತೋರಿಸುತ್ತಿದ್ದರೂ ನಡುನಡುವೆ ತಡವರಿಸುತ್ತವೆ. ಗ್ರಾಫಿಕ್ಸ್ ಇಳಿಸಿದರೂ ಹೋಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ?

ಉತ್ತರ: ಅವಸರ ಬೇಡ. ನೀವು ನೋಡುತ್ತಿರುವುದು ಸರಾಸರಿ, ಕಣ್ಣಿಗೆ ಚುಚ್ಚುತ್ತಿರುವುದು ಒಂದೊಂದೇ ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ಯಾವುದೋ ಒಂದು ಫ್ರೇಮ್ ಮಾತ್ರ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಸರಾಸರಿ ಹೆಚ್ಚು ಕದಲುವುದಿಲ್ಲ, ಆದರೆ ಕೈಯಲ್ಲಿರುವ ಕಂಟ್ರೋಲರ್‌ಗೆ ಅದು ಗೊತ್ತಾಗುತ್ತದೆ. ಹಾಗಾಗಿ ಫ್ರೇಮ್ ಸಂಖ್ಯೆ ಬಿಟ್ಟು ಫ್ರೇಮ್ ಟೈಮ್ ಗ್ರಾಫ್ ತೆರೆದಿಟ್ಟುಕೊಳ್ಳಿ. ಗೆರೆ ಎಲ್ಲಿ ಮುಳ್ಳಿನಂತೆ ಮೇಲೇಳುತ್ತದೆ ಎಂದು ನೋಡಿ, ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ.

ಎರಡನೆಯ ಸಲ ತಡವರಿಕೆ ಇಲ್ಲದಿದ್ದರೆ ಅದು ಶೇಡರ್ ಸಮಸ್ಯೆ. ಬೆಂಕಿ, ನೀರು, ಲೋಹದ ಹೊಳಪು ಹೇಗೆ ಕಾಣಬೇಕೆಂದು ಕಾರ್ಡ್‌ಗೆ ಹೇಳುವ ಪುಟ್ಟ ಪ್ರೋಗ್ರಾಮ್‌ಗಳೇ ಶೇಡರ್‌ಗಳು. ಕನ್ಸೋಲ್‌ನ ಯಂತ್ರ ಎಲ್ಲರಲ್ಲೂ ಒಂದೇ ಆಗಿರುವುದರಿಂದ ಅವನ್ನು ಮೊದಲೇ ತಯಾರಿಸಿ ಕಳಿಸುತ್ತಾರೆ. ಪಿಸಿಯಲ್ಲಿ ಕಾರ್ಡ್, ಡ್ರೈವರ್ ಒಬ್ಬೊಬ್ಬರದು ಒಂದೊಂದು, ಹೀಗಾಗಿ ನಿಮ್ಮ ಯಂತ್ರದಲ್ಲೇ ತಯಾರಾಗಬೇಕು. ಮೊದಲ ಬಾರಿ ತೆರೆದಾಗ ‘ಶೇಡರ್ ಕಂಪೈಲ್’ ಎಂದು ಬಂದರೆ ಎಷ್ಟು ನಿಮಿಷವಾದರೂ ಮುಗಿಯಲು ಬಿಡಿ. ಡ್ರೈವರ್ ಅಪ್‌ಡೇಟ್ ಮಾಡಿದಾಗ ಹಳೆಯ ಸಂಗ್ರಹ ಸಾಮಾನ್ಯವಾಗಿ ಕೆಲಸಕ್ಕೆ ಬಾರದಂತಾಗಿ ಮತ್ತೆ ಅದೇ ಕೆಲಸ ನಡೆಯುತ್ತದೆ. ‘ನಿನ್ನೆ ಚೆನ್ನಾಗಿತ್ತು, ಇವತ್ತು ಕೆಟ್ಟಿತು’ ಎಂಬ ದೂರಿನ ಹಿಂದೆ ಇರುವುದು ಎಷ್ಟೋ ಸಲ ಇದೇ.

ಅದೇ ಬಾಗಿಲು, ಅದೇ ಸೇತುವೆ ದಾಟಿದಾಗಲೆಲ್ಲ ತಡವರಿಸಿದರೆ ಕಾರಣ ಬೇರೆ. ಮುಂದಿನ ಪ್ರದೇಶವನ್ನು ಆಟ ಆಗಲೇ ಎಳೆದು ತರುತ್ತಿದೆ ಎಂದರ್ಥ. ಇದು ಹೆಚ್ಚಾಗಿ ಪ್ರೊಸೆಸರ್ ಮೇಲೆ ಬೀಳುವ ಹೊರೆ, ಗ್ರಾಫಿಕ್ಸ್ ಇಳಿಸಿದರೆ ಬಗ್ಗದು. ಆಟ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿಯಲ್ಲಿದೆಯೇ ನೋಡಿಕೊಳ್ಳಿ. ಇದ್ದೂ ಹೀಗಾದರೆ ಫ್ರೇಮ್ ಸಂಖ್ಯೆಗೆ ಸ್ಥಿರವಾಗಿ ನಿಲ್ಲುವ ಒಂದು ಮಿತಿ ಹಾಕಿ. 90ರಿಂದ 40ಕ್ಕೆ ಬೀಳುವುದು ಕಾಣುವಷ್ಟು 60ರಿಂದ 40ಕ್ಕೆ ಬೀಳುವುದು ಕಾಣದು. ಉಳಿದದ್ದು ಪ್ಯಾಚ್‌ನಿಂದಲೇ ಆಗಬೇಕು, ಎಷ್ಟು ದುಬಾರಿ ಕಾರ್ಡ್ ತಂದರೂ ಇದು ಪೂರ್ತಿ ಹೋಗುವುದಿಲ್ಲ.

ಆಡುತ್ತಾ ಆಡುತ್ತಾ ಅರ್ಧ ಗಂಟೆಯ ನಂತರ ಶುರುವಾಗಿ, ಗೋಡೆ-ನೆಲದ ಚಿತ್ರಗಳು ಮಸುಕಾದರೆ ಕಾರ್ಡ್‌ನ ಮೆಮೊರಿ ತುಂಬಿದೆ. ಟೆಕ್ಸ್‌ಚರ್ (ಆ ಚಿತ್ರಗಳ) ಗುಣಮಟ್ಟ ಒಂದೇ ಒಂದು ಮೆಟ್ಟಿಲು ಇಳಿಸಿ, ನೆರಳು-ಬೆಳಕಿನ ಸೆಟ್ಟಿಂಗ್ ಮುಟ್ಟಬೇಡಿ.

ಫ್ರೇಮ್ ಜನರೇಶನ್ ಹಾಕಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಎರಡು ನಿಜ ಫ್ರೇಮ್‌ಗಳ ನಡುವೆ ಊಹೆಯ ಫ್ರೇಮ್ ತುಂಬುತ್ತದೆ. ನಿಮ್ಮ ಬಟನ್ ಒತ್ತುವಿಕೆಗೆ ಉತ್ತರ ಕೊಡುವುದು ನಿಜ ಫ್ರೇಮ್ ಮಾತ್ರ. 60 ಇದ್ದದ್ದನ್ನು 120 ಮಾಡಲು ಅದು ಒಳ್ಳೆಯ ಸಾಧನ, 30ನ್ನು 60 ಮಾಡಲು ಅಲ್ಲ. 2025ರ ಫೆಬ್ರುವರಿಯಲ್ಲಿ ಬಂದ ‘ಮಾನ್‌ಸ್ಟರ್ ಹಂಟರ್ ವೈಲ್ಡ್ಸ್’ ತನ್ನ ಶಿಫಾರಸು ಪಟ್ಟಿಯಲ್ಲೇ ‘1080ಪಿ, 60 ಫ್ರೇಮ್, ಫ್ರೇಮ್ ಜನರೇಶನ್ ಸಹಿತ’ ಎಂದು ಬರೆದುಕೊಂಡಿತು. ಏಟಿನ ಸಮಯವೇ ಜೀವಾಳವಾದ ಆಟವೊಂದು ಇಂಥ ಮಾನದಂಡ ಇಟ್ಟುಕೊಂಡಿದ್ದು ದೊಡ್ಡ ತಪ್ಪು. ಬೇಟೆಯ ಹೊಡೆದಾಟ ಅಷ್ಟು ಸೊಗಸಾಗಿರುವುದರಿಂದಲೇ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಪ್ರಶ್ನೆ: ‘ಹೆಲ್‌ಡೈವರ್ಸ್ 2’ ಪಿಸಿಯಲ್ಲಿ 150 ಜಿಬಿ ದಾಟಿತ್ತು, ಈಗ 23ರ ಆಸುಪಾಸಿಗೆ ಇಳಿದಿದೆ. ಏನನ್ನು ಕಿತ್ತುಹಾಕಿದರು?

ಉತ್ತರ: ಏನನ್ನೂ ಅಲ್ಲ. ಒಂದೇ ಫೈಲ್‌ನ ಹತ್ತಾರು ನಕಲುಗಳಿದ್ದವು, ಅವನ್ನು ತೆಗೆದರು. ತಿರುಗುವ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿ ಸಮಯ ಹಾಳಾಗುತ್ತದೆಂದು, ಬೇಕಾದ ಫೈಲ್‌ಗಳು ಎಲ್ಲೆಡೆ ಹತ್ತಿರದಲ್ಲೇ ಸಿಗಲಿ ಎಂದು ನಕಲು ಮಾಡಿಟ್ಟಿದ್ದರು. ಕೊನೆಗೆ ಅಳೆದು ನೋಡಿದಾಗ ಲೋಡಿಂಗ್‌ನಲ್ಲಿ ಹೆಚ್ಚು ಸಮಯ ಹೋಗುತ್ತಿದ್ದದ್ದು ರಣರಂಗವನ್ನು ಆಗಿಂದಾಗ ಕಟ್ಟುವ ಲೆಕ್ಕಾಚಾರಕ್ಕೆ, ಡಿಸ್ಕ್ ಓದುವುದಕ್ಕಲ್ಲ ಎಂದು ಗೊತ್ತಾಯಿತು. ಅಳೆಯದೆ ಊಹಿಸಿದ ಬೆಲೆಯನ್ನು ಆಟಗಾರರ ಡಿಸ್ಕ್ ಸುಮಾರು ಎರಡು ವರ್ಷ ತೆತ್ತಿತು.

ಪ್ರಶ್ನೆ: ‘ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಶನ್ 33’ಕ್ಕೆ 2025ರ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟದ ಪ್ರಶಸ್ತಿ ಬಂತು. ಸರದಿ ಪ್ರಕಾರ ಆಡುವ ಆಟ ಎಂದುಕೊಂಡರೆ, ಬಟನ್ ಒತ್ತುವ ಸಮಯ ತಪ್ಪಿದರೆ ಎಲ್ಲವೂ ಮುಗಿಯುತ್ತದೆ. ಪ್ಯಾರಿ (ಸರಿಯಾದ ಕ್ಷಣಕ್ಕೆ ಏಟು ತಡೆಯುವುದು) ಕೈಗೆ ಹತ್ತದವರು ಏನು ಮಾಡಬೇಕು?

ಉತ್ತರ: ಮೊದಲು ಪ್ಯಾರಿಯನ್ನು ಮರೆತು ಡಾಡ್ಜ್ (ಏಟು ತಪ್ಪಿಸಿಕೊಳ್ಳುವುದು) ಮಾತ್ರ ಮಾಡಿ. ಡಾಡ್ಜ್‌ಗೆ ಸಿಗುವ ಕಾಲಾವಕಾಶ ಹೆಚ್ಚು. ಸರಿಯಾದ ಕ್ಷಣಕ್ಕೆ ಬಿದ್ದರೆ ಪರದೆಯ ಮೇಲೆ ‘ಪರ್ಫೆಕ್ಟ್’ ಎಂದು ಬರುತ್ತದೆ, ಆ ಕ್ಷಣವೇ ಪ್ಯಾರಿಯ ಕ್ಷಣ. ಒಬ್ಬ ಶತ್ರುವಿನ ಮೇಲೆ ಮೂರ್ನಾಲ್ಕು ಸಲ ಸತತವಾಗಿ ಅದು ಬಂದ ಮೇಲೆ ಪ್ಯಾರಿಗೆ ಬದಲಾಯಿಸಿ. ಕತ್ತಿ ಎತ್ತುವುದನ್ನು ನೋಡಿ ಒತ್ತಬೇಡಿ. ಇಲ್ಲಿನ ಶತ್ರುಗಳು ಕತ್ತಿ ಎತ್ತಿ ಬೇಕೆಂದೇ ತಡೆದು ನಿಲ್ಲುತ್ತಾರೆ. ಕಿವಿಗೊಡಿ, ಬೀಸುವ ಮುನ್ನಿನ ಸದ್ದು ಕಣ್ಣಿಗಿಂತ ನಂಬಿಕಸ್ತ. ಒಂದೊಂದು ಪ್ಯಾರಿಗೂ ಒಂದು ಎಪಿ (ಸ್ಕಿಲ್ ಬಳಸಲು ಬೇಕಾದ ಅಂಕ) ಸಿಗುತ್ತದೆ, ಇಡೀ ಸರಣಿಯನ್ನು ತಡೆದರೆ ಪ್ರತಿದಾಳಿ ಪುಕ್ಕಟೆ.

ಆಟಗಾರರ ಸ್ವಂತ ದಾಳಿಯ ಬಟನ್‌ಗಳನ್ನು ಸೆಟ್ಟಿಂಗ್‌ನಲ್ಲಿ ತಾನಾಗಿ ಆಗುವಂತೆ ಮಾಡಿಕೊಳ್ಳಬಹುದು, ಆದರೆ ರಕ್ಷಣೆಗೆ ಆ ಸೌಲಭ್ಯ ಅನ್ವಯವಾಗದು. ಅದಕ್ಕೆ ಕಷ್ಟದ ಮಟ್ಟವನ್ನು ‘ಸ್ಟೋರಿ’ಗೆ ಇಳಿಸಿಕೊಳ್ಳುವುದೇ ದಾರಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ದೌರ್ಬಲ್ಯವೂ ಇದೇ ಪ್ಯಾರಿಯಲ್ಲಿದೆ. ತಡೆದ ಏಟಿಗೆ ನಷ್ಟ ಸೊನ್ನೆ. ಹಾಗಾದ ಮೇಲೆ ರಕ್ಷಣೆ ಹೆಚ್ಚಿಸಿಕೊಂಡ ಪಾತ್ರ, ವಾಸಿ ಮಾಡುವ ಪಾತ್ರ ಇವಕ್ಕೆಲ್ಲ ಬೆಲೆ ಏನು? ಕೈ ಪಳಗಿದವರು ಎಲ್ಲವನ್ನೂ ದಾಳಿಗೇ ಸುರಿಯುತ್ತಾರೆ, ಪಳಗದವರಿಗೆ ಎಷ್ಟು ರಕ್ಷಣೆ ಇದ್ದರೂ ಕೊನೆಕೊನೆಯ ಉದ್ದ ಸರಣಿಗಳೆದುರು ಸಾಲದು. ನಡುವಿನ ದಾರಿ ಸವೆದುಹೋಗಿದೆ. ಹಾಗೆಯೇ, ಮೂರನೆಯ ಅಂಕದಲ್ಲಿ ‘ಪೇಂಟೆಡ್ ಪವರ್’ ಎಂಬ ಪಿಕ್ಟೋ (ಪಾತ್ರಕ್ಕೆ ತೊಡಿಸುವ ಸಾಧನ) ಸಿಗುವವರೆಗೆ ಒಂದು ಏಟಿನ ಹಾನಿ 9,999 ಮೀರುವುದಿಲ್ಲ. ಹೀಗಾಗಿ ಎರಡನೆಯ ಅಂಕದ ಕೊನೆಯಲ್ಲಿ ಒಂದೇ ದೊಡ್ಡ ಏಟಿಗಿಂತ ಹಲವು ಏಟುಗಳಾಗಿ ಬೀಳುವ ಸ್ಕಿಲ್‌ಗಳನ್ನೇ ಆರಿಸಿಕೊಳ್ಳಿ. ಪಿಕ್ಟೋಗಳನ್ನು ತೊಟ್ಟು ನಾಲ್ಕು ಕಾಳಗ ಗೆದ್ದರೆ ಅದರ ಗುಣ ಲುಮಿನಾ ಆಗಿ ಎಲ್ಲ ಪಾತ್ರಗಳಿಗೂ ಸಿಗುತ್ತದೆ. ಆದ್ದರಿಂದ ಕಲಿತು ಮುಗಿದ ಪಿಕ್ಟೋ ತೆಗೆದು ಹೊಸದು ತೊಡಿಸುತ್ತಲೇ ಇರಿ. ಈ ಒಂದು ಏರ್ಪಾಡಿಗಾಗಿಯೇ ಆಟವನ್ನು ಮೆಚ್ಚಬಹುದು. ಸಣ್ಣ ಪ್ರದೇಶಗಳಲ್ಲಿ ನಕ್ಷೆಯೇ ಇಲ್ಲದಿರುವುದನ್ನು ಮೆಚ್ಚಲಾಗದು, ಅಲ್ಲಿನ ಕವಲುಗಳು ಒಂದರಂತೆ ಒಂದು ಕಾಣುತ್ತವೆ.

ಪ್ರಶ್ನೆ: ‘ಸ್ಟಾರ್‌ಫೀಲ್ಡ್’ನಲ್ಲಿ ಸಾವಿರಕ್ಕೂ ಹೆಚ್ಚು ಗ್ರಹಗಳಿವೆ. ಆದರೂ ಬೇಸರ ಬರುತ್ತದೆ ಎನ್ನುತ್ತಾರಲ್ಲ?

ಉತ್ತರ: ಗ್ರಹ ಸಾವಿರ, ಕಟ್ಟಡ ಕೆಲವೇ. ನೆಲವನ್ನು ಕಂಪ್ಯೂಟರ್ ಲೆಕ್ಕ ಹಾಕಿ ಹುಟ್ಟಿಸುತ್ತದೆ, ಅದರ ಮೇಲೆ ಮೊದಲೇ ಮಾಡಿಟ್ಟ ಠಾಣೆ, ಗಣಿ, ಪ್ರಯೋಗಾಲಯಗಳನ್ನು ತಂದು ಕೂರಿಸುತ್ತದೆ. ಎರಡನೆಯ ಸಲ ಅದೇ ಪ್ರಯೋಗಾಲಯ ಸಿಕ್ಕಾಗ ಅದೇ ಮೇಜು, ಅದೇ ಮೂಲೆಯಲ್ಲಿ ಅದೇ ಶವ, ಪಕ್ಕದಲ್ಲಿ ಅದೇ ಚೀಟಿ. ಅಲ್ಲಿಗೆ ಅನ್ವೇಷಣೆಯ ಕುತೂಹಲ ಸತ್ತಿತು. ಗ್ರಹ ಸುತ್ತುವುದನ್ನು ಬಿಟ್ಟು ಯುಸಿ ವ್ಯಾನ್‌ಗಾರ್ಡ್ ಸರಣಿಯನ್ನು ಮೊದಲು ಹಿಡಿಯಿರಿ, ಆಮೇಲೆ ಕ್ರಿಮ್ಸನ್ ಫ್ಲೀಟ್. ಅವೆರಡು ಕೈಯಾರೆ ಕಟ್ಟಿದ ಕಥೆಗಳು. ಬಾಹ್ಯಾಕಾಶ ಹಡಗು ಜೋಡಿಸುವ ಭಾಗವಂತೂ ನಿಜಕ್ಕೂ ಅದ್ಭುತ.

ಪ್ರಶ್ನೆ: ‘ಬಲಾಟ್ರೊ’ ಎಂಬ ಇಸ್ಪೀಟಿನ ಆಟದಲ್ಲಿ ಅಂಕ ಹೆಚ್ಚಿಸುವ ಒಳ್ಳೆಯ ಜೋಕರ್‌ಗಳಿದ್ದರೂ ಅಂಕ ಏರುವುದಿಲ್ಲ, ಏಕೆ?

ಉತ್ತರ: ಜೋಕರ್‌ಗಳ ಸಾಲು ನೋಡಿ. ಲೆಕ್ಕ ಎಡದಿಂದ ಬಲಕ್ಕೆ ನಡೆಯುತ್ತದೆ. ಎರಡು ರಾಜರ ಜೋಡಿ ಇಳಿಸಿದರೆ ಚಿಪ್ಸ್ ಜೋಡಿಗೆ 10 ಕೂಡಿಸು ಎಲೆಗಳಿಗೆ 20, ಒಟ್ಟು 30, ಅದನ್ನು ಗುಣಿಸುವ ಮಲ್ಟ್ 2. ಈಗ ಮಲ್ಟ್‌ಗೆ 4 ಕೂಡಿಸುವ ಜೋಕರ್ ಎಡಕ್ಕೂ, 3ರಿಂದ ಗುಣಿಸುವುದು ಬಲಕ್ಕೂ ಇದ್ದರೆ ಮಲ್ಟ್ 18, ಅಂಕ 540. ಅವೆರಡನ್ನೇ ಅದಲು ಬದಲು ಮಾಡಿದರೆ ಮಲ್ಟ್ 10, ಅಂಕ 300. ಜೋಕರ್ ಅವೇ, ಎಲೆ ಅವೇ. ಇನ್ನು ದುಡ್ಡು: ಕೈಯಲ್ಲಿರುವ ಪ್ರತಿ 5 ಡಾಲರ್‌ಗೆ ಸುತ್ತಿನ ಕೊನೆಗೆ 1 ಡಾಲರ್ ಬಡ್ಡಿ, ಗರಿಷ್ಠ 5. ಅಂದರೆ 25 ಉಳಿಸಿಕೊಂಡು ಅದರ ಮೇಲಿನದನ್ನಷ್ಟೇ ಖರ್ಚು ಮಾಡಿ. ಎಂಟನೆಯ ಆಂಟೆಯ (ಹಂತದ) ಬಾಸ್ ಸಾಮಾನ್ಯವಾಗಿ ಒಂದು ಲಕ್ಷ ಕೇಳುತ್ತದೆ. ಕೂಡಿಸುವ ಜೋಕರ್‌ಗಳಷ್ಟರಿಂದಲೇ ಅಲ್ಲಿಗೆ ಮುಟ್ಟುವುದು ಬಲು ಕಷ್ಟ, ಗುಣಿಸುವುದು ಒಂದಾದರೂ ಬೇಕು. ಕೊನೆಗೆ ಎಲ್ಲ ದಾರಿಗಳೂ ಗುಣಾಕಾರಕ್ಕೇ ಬಂದು ಸೇರುವುದು ಈ ಆಟದ ಒಂದೇ ದೊಡ್ಡ ಕೊರತೆ.

ಪ್ರಶ್ನೆ: ‘ಎಲ್ಡನ್ ರಿಂಗ್’ನ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ವಿಸ್ತರಣೆಯಲ್ಲಿ ಲೆವೆಲ್ 150 ದಾಟಿದ ಪಾತ್ರವೂ ಎರಡೇ ಏಟಿಗೆ ಸಾಯುವುದೇಕೆ?

ಉತ್ತರ: ಅಲ್ಲಿ ಲೆವೆಲ್ ಏರಿಸುವುದು ನೀರಿನಲ್ಲಿ ಹೋಮ ಮಾಡಿದಂತೆ. ಆ ನಾಡಿನಲ್ಲಿ ನಿಮ್ಮ ಏಟಿನ ಬಲವನ್ನೂ ತಾಳುವ ಶಕ್ತಿಯನ್ನೂ ಹೆಚ್ಚಿಸುವುದು ಸ್ಕಾಡುಟ್ರೀ ಚೂರುಗಳು. ಒಟ್ಟು 50 ಚೂರು, 20 ಮಟ್ಟ. ಬಾಸ್ ಬಾಗಿಲಲ್ಲಿ ತಲೆ ಚಚ್ಚಿಕೊಳ್ಳುವ ಬದಲು ಮಿಕೆಲ್ಲ ಎಂಬ ಪಾತ್ರದ ಶಿಲುಬೆಗಳನ್ನು ಹುಡುಕಿ, ಹಲವದರ ಬುಡದಲ್ಲಿ ಚೂರು ಇರುತ್ತದೆ. ತಲೆಯ ಮೇಲೆ ಮಡಕೆ ಹೊತ್ತ ನೆರಳುಗಳನ್ನು ಕಂಡರೆ ಚೂರಿಗಾಗಿ ಅವನ್ನೂ ಬಿಡಬೇಡಿ. 2024ರ ಜೂನ್‌ನಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆರಂಭದ ಮಟ್ಟಗಳ ಫಲವನ್ನು ಪ್ಯಾಚ್ ಮೂಲಕ ಹೆಚ್ಚಿಸಿದರು. ಹಾಗಾಗಿ ಮೊದಲ ಹತ್ತು ಮಟ್ಟ ಬೇಗ ಮುಟ್ಟುವುದೇ ಲಾಭ. ಸುತ್ತಾಡಿದವರಿಗೆ ಬಲ ಕೊಡುವ ಈ ಯೋಚನೆ ಒಳ್ಳೆಯದೇ. ಆಟ ಅದನ್ನು ಬಾಯಿಬಿಟ್ಟು ಒತ್ತಿ ಹೇಳದ್ದರಿಂದ ಎಷ್ಟೋ ಜನ ನೇರ ದಾರಿ ಹಿಡಿದು ಏಟು ತಿಂದರು.

ಪ್ರಶ್ನೆ: ವಿಮರ್ಶೆ ಓದಿ ಆಟ ಕೊಳ್ಳುವಾಗ ಏನನ್ನು ಗಮನಿಸಬೇಕು?

ಉತ್ತರ: ಅಂಕಕ್ಕಿಂತ ಮೊದಲು ಮೂರು ವಿವರ ಹುಡುಕಿ: ಯಾವ ಯಂತ್ರದಲ್ಲಿ ಆಡಿದರು, ಯಾವ ಪ್ಯಾಚ್, ಪೂರ್ತಿ ಮುಗಿಸಿದರೇ. 2020ರ ಡಿಸೆಂಬರ್ 10ಕ್ಕೆ ‘ಸೈಬರ್‌ಪಂಕ್ 2077’ ಬಂದಾಗ ವಿಮರ್ಶಕರಿಗೆ ಮುಂಚಿತವಾಗಿ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ಹೊಗಳಿಕೆ ಓದಿ ಹಳೆಯ ಕನ್ಸೋಲ್‌ಗೆ ಕೊಂಡವರಿಗೆ ಸಿಕ್ಕಿದ್ದು ಬೇರೆಯೇ ಆಟ. ಸುಮಾರು ಒಂದು ವಾರಕ್ಕೆ ಅದನ್ನು ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದರು, ಮರಳಿದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಸ್ಕಿಲ್‌ಗಳನ್ನು ಹೊಸದಾಗಿ ಕಟ್ಟಿತು, ಪೊಲೀಸರು ಬೆನ್ನಟ್ಟುವ ಬಗೆ ಬದಲಾಯಿತು, ರಕ್ಷಣೆಯ ಅಂಕ ಬಟ್ಟೆಯಿಂದ ಸೈಬರ್‌ವೇರ್‌ಗೆ (ದೇಹಕ್ಕೆ ಅಳವಡಿಸುವ ಯಂತ್ರಭಾಗಗಳಿಗೆ) ಹೋಯಿತು. ಈಗ ಆ ಆಟ ಆಡುವವರಿಗೆ 2020ರ ಹೊಗಳಿಕೆಯೂ ಬೈಗುಳವೂ ಎರಡೂ ಉಪಯೋಗಕ್ಕೆ ಬಾರವು. 2.0 ನಂತರ ಬರೆದದ್ದನ್ನಷ್ಟೇ ಓದಿ.