ಈಸ್ಟ್‌ನಿಂದ ಕ್ಸೈಲಿಟಾಲ್ ಮಾಡುವಾಗ ಗ್ಲೂಕೋಸ್ ಮುಗಿದ್ಮೇಲೆ ಅದು ಏರ್ತಿಲ್ಲ ಅಂತ ಕೇಳಿದ್ದಕ್ಕೆ

ಗ್ಲೂಕೋಸ್ ಖಾಲಿಯಾದ ತಕ್ಷಣ ಕ್ಸೈಲಿಟಾಲ್ (ಕ್ಸೈಲೋಸ್ ಅನ್ನೋ ಸಕ್ಕರೆಯಿಂದ ಆಗೋ ಸಿಹಿ ಪದಾರ್ಥ) ನಿಲ್ಲುತ್ತೆ, ಕ್ಸೈಲೋಸ್ ಹಾಗೇ ಉಳಿಯುತ್ತೆ ಅಂದ್ರೆ ಹೆಚ್ಚಾಗಿ ಅದು ಎನ್‌ಎಡಿಪಿಎಚ್ (ಈ ಬದಲಾವಣೆಗೆ ಜೀವಕೋಶ ಬಳಸೋ ಸಹಾಯಕ ಅಣು) ಕೊರತೆ. ನಿಮ್ಮ ಈಸ್ಟ್‌ಗೆ ಕ್ಸೈಲೋಸ್ ರಿಡಕ್ಟೇಸ್ (ಕ್ಸೈಲೋಸನ್ನ ಕ್ಸೈಲಿಟಾಲ್ ಮಾಡೋ ಕಿಣ್ವ) ಜೀನ್ ಒಂದೇ ಹಾಕಿರೋದ್ರಿಂದ ಅದು ಕ್ಸೈಲೋಸ್ ತಿಂದು ಬದುಕಲ್ಲ, ಬರೀ ಕ್ಸೈಲಿಟಾಲ್ ಮಾಡಿ ಹೊರಗೆ ಬಿಡುತ್ತೆ, ಆ ಕೆಲಸಕ್ಕೆ ಬೇಕಾದ ಎನ್‌ಎಡಿಪಿಎಚ್ ಮುಖ್ಯವಾಗಿ ಗ್ಲೂಕೋಸ್‌ನಿಂದ ಬರಬೇಕು. ಮೊದಲು ಬ್ಯಾಚ್ (ಎಲ್ಲಾ ಸಕ್ಕರೆ ಶುರುವಲ್ಲೇ ಹಾಕೋ ವಿಧಾನ) ಬಿಟ್ಟು ಗ್ಲೂಕೋಸನ್ನ ಸ್ವಲ್ಪಸ್ವಲ್ಪವಾಗಿ ಫೀಡ್ ಮಾಡಿ, ಅಂದ್ರೆ ಸೇರಿಸ್ತಾ ಹೋಗಿ. ಒಟ್ಟಿಗೆ ಮಾತ್ರ ಸುರೀಬೇಡಿ, ಎರಡು ಸಕ್ಕರೆನೂ ಅದೇ ಟ್ರಾನ್ಸ್‌ಪೋರ್ಟರ್‌ಗಳಿಂದ (ಕೋಶದೊಳಗೆ ಸಕ್ಕರೆ ಸಾಗಿಸೋ ಪ್ರೋಟೀನ್‌ಗಳು) ಒಳಗೆ ಹೋಗೋದು, ಗ್ಲೂಕೋಸ್ ಜಾಸ್ತಿ ಇದ್ರೆ ಕ್ಸೈಲೋಸ್ ಹೊರಗೇ ನಿಲ್ಲುತ್ತೆ, ಹಾಗಾಗಿ ಬ್ರಾತ್‌ನಲ್ಲಿ (ಈಸ್ಟ್ ಬೆಳೆಯೋ ದ್ರವದಲ್ಲಿ) ಉಳಿಕೆ ಗ್ಲೂಕೋಸ್ ಸೊನ್ನೆ ಹತ್ರನೇ ಇರ್ಲಿ. ಆಮೇಲೆ ಎಥನಾಲ್ ಅಳೀರಿ, ಏರ್ತಾ ಇದ್ರೆ ಫೀಡ್ ಇಳಿಸಿ, ಇಲ್ಲಾ ಗಾಳಿ ಜಾಸ್ತಿ ಕೊಡಿ. ಫೀಡ್ ರೇಟ್ ಸ್ಟ್ರೇನ್‌ನಿಂದ ಸ್ಟ್ರೇನ್‌ಗೆ (ಈಸ್ಟ್‌ನ ತಳಿಯಿಂದ ತಳಿಗೆ) ಬದಲಾಗುತ್ತೆ, ಎರಡ್ಮೂರು ರೇಟ್ ಇಟ್ಟು ನೋಡ್ಲೇಬೇಕು. ಆಗ್ಲೂ ಕ್ಸೈಲಿಟಾಲ್ ನಿಂತ್ರೆ, ಜೀನ್ ಪ್ಲಾಸ್ಮಿಡ್‌ನಲ್ಲಿ (ಸಣ್ಣ ಡಿಎನ್‌ಎ ಉಂಗುರ) ಇದ್ರೆ ಈಸ್ಟ್ ಅದನ್ನ ಕಳ್ಕೊಂಡಿರಬಹುದು, ಸೆಲೆಕ್ಷನ್ ಪ್ಲೇಟ್‌ನಲ್ಲೂ (ಪ್ಲಾಸ್ಮಿಡ್ ಇರೋ ಕೋಶ ಮಾತ್ರ ಬೆಳೆಯೋದು) ಮಾಮೂಲಿ ಪ್ಲೇಟ್‌ನಲ್ಲೂ ಹರಡಿ ಕಾಲೊನಿ ಎಣಿಸಿ, ಮೊದಲನೇದರಲ್ಲಿ ತುಂಬಾ ಕಡಿಮೆ ಇದ್ರೆ ಕಳ್ಕೊಂಡಿದೆ ಅಂತ.